ನದಿ ನಿಂತದ್ದು ಕಾಲು ಒದ್ದೆಯಾದ ಮೇಲೆ

ಎಲ್ಲರಿಗೂ ಕರ್ತನ ಹೆಸರಿನಲ್ಲಿ ವಂದನೆಗಳು.

ಕಷ್ಟದ ಸಮಯದಲ್ಲಿ ನಂಬಿಕೆಯಿಂದ, ಧೈರ್ಯದಿಂದ ನಡೆಯುವುದು ಹೇಗೆ ಎಂಬುದರ ಬಗ್ಗೆ ಮಾತಾಡಿ ಎಂದು ಕೇಳಿದಾಗ ನಾನು ಹಿಂಜರಿದೆ. ಇಲ್ಲಿ ನನಗಿಂತ ಜಾಸ್ತಿ ಕಷ್ಟ ಕಂಡವರು ಕೂತಿದ್ದೀರಿ. ಒಬ್ಬರೇ ಮಕ್ಕಳನ್ನು ಬೆಳೆಸಿದವರು ಇದ್ದೀರಿ. ವರ್ಷಗಟ್ಟಲೆ ಕಾಯಿಲೆಯವರ ಹಾಸಿಗೆ ಪಕ್ಕ ಕೂತು ರಾತ್ರಿ ಕಳೆದವರು ಇದ್ದೀರಿ. ನಿಮಗೆ ಧೈರ್ಯದ ಪಾಠ ಹೇಳುವ ಯೋಗ್ಯತೆ ನನಗಿಲ್ಲ. ಸತ್ಯವೇದ ಓದುವಾಗ ನನ್ನನ್ನು ತಡೆದು ನಿಲ್ಲಿಸಿದ ಕೆಲವು ಜಾಗಗಳಿವೆ. ಅವನ್ನು ನಿಮ್ಮ ಮುಂದೆ ಇಡುತ್ತೇನೆ, ಅಷ್ಟೇ.

ಮೊದಲ ಜಾಗ ಯೆಹೋಶುವನ ಪುಸ್ತಕದ 3ನೇ ಅಧ್ಯಾಯ. ಇಸ್ರಾಯೇಲ್ಯರು ಯೊರ್ದನ್ ಹೊಳೆಯ ದಡದಲ್ಲಿದ್ದಾರೆ. ಸುಗ್ಗಿಯ ಕಾಲ. ಆ ಕಾಲದಲ್ಲಿ ಯೊರ್ದನ್ ದಡ ಮೀರಿ ಹರಿಯುತ್ತದೆ ಎಂದು ಅಲ್ಲೇ ಬರೆದಿದೆ. ಒಡಂಬಡಿಕೆಯ ಮಂಜೂಷವನ್ನು, ಅಂದರೆ ದೇವರ ಆಜ್ಞೆಗಳ ಕಲ್ಲಿನ ಹಲಗೆಗಳಿದ್ದ ಪೆಟ್ಟಿಗೆಯನ್ನು, ಹೊತ್ತ ಯಾಜಕರಿಗೆ ದೇವರು ಹೇಳಿದ್ದು ಏನು? ಹೋಗಿ ನೀರಿನಲ್ಲಿ ನಿಲ್ಲಿ, ಆಗ ನೀರು ನಿಲ್ಲುತ್ತದೆ ಎಂದು.

ಇದನ್ನು ಅವರ ತಂದೆ ತಾಯಂದಿರ ಕಥೆಯ ಪಕ್ಕದಲ್ಲಿಟ್ಟು ನೋಡಿ. ಸುಮಾರು 40 ವರ್ಷದ ಹಿಂದೆ ಅವರು ಐಗುಪ್ತ ಬಿಟ್ಟು ಬರುವಾಗ ಕೆಂಪು ಸಮುದ್ರದ ಮುಂದೆ ಏನಾಯಿತು? ರಾತ್ರಿಯೆಲ್ಲಾ ಮೂಡಣ ಗಾಳಿ ಬೀಸಿತು. ಸಮುದ್ರ ಇಬ್ಭಾಗವಾಯಿತು, ನೆಲ ಒಣಗಿತು. ಆಮೇಲೆ ಜನ ಇಳಿದರು. ದಾರಿ ಮೊದಲು, ಹೆಜ್ಜೆ ಆಮೇಲೆ. ಮಕ್ಕಳ ಕಾಲಕ್ಕೆ ಅದು ತಿರುಗಿತು. ಹೆಜ್ಜೆ ಮೊದಲು, ದಾರಿ ಆಮೇಲೆ. ಯಾಜಕರ ಕಾಲು ನೀರಿಗೆ ತಾಗಿದ ಮೇಲೆಯೇ ಹೊಳೆ ನಿಂತಿತು.

ನನಗೆ ತುಂಬಾ ಇಷ್ಟವಾದ ಇನ್ನೊಂದು ವಿವರ ಅಲ್ಲಿದೆ. ನೀರು ರಾಶಿಯಾಗಿ ನಿಂತದ್ದು ಅವರ ಕಣ್ಣ ಮುಂದೆ ಅಲ್ಲ. ಬಹಳ ದೂರದಲ್ಲಿ, ಆದಾಮ್ ಎಂಬ ಊರಿನ ಹತ್ತಿರ. ದೇವರು ಕೆಲಸ ಮಾಡಿದ ಜಾಗ ಯಾಜಕರಿಗೆ ಕಾಣುತ್ತಲೇ ಇರಲಿಲ್ಲ. ಅವರಿಗೆ ಗೊತ್ತಾದದ್ದು ಇಷ್ಟೇ: ಭುಜದ ಮೇಲೆ ಭಾರ, ಪಾದಕ್ಕೆ ತಣ್ಣಗಿನ ನೀರು, ಆಮೇಲೆ ನೀರು ಇಳಿಯುತ್ತಾ ಹೋದದ್ದು.

ನಾವು ಸಾಮಾನ್ಯವಾಗಿ ಏನಂದುಕೊಳ್ಳುತ್ತೇವೆ? ಮೊದಲು ದೇವರು ನನಗೆ ಧೈರ್ಯ ಕೊಡಲಿ, ಎದೆ ಗಟ್ಟಿಯಾಗಲಿ, ಆಮೇಲೆ ಮಾಡುತ್ತೇನೆ ಎಂದು. ನಾನು ಬಹಳ ವರ್ಷ ಹಾಗೇ ಕಾದೆ. ಆ ಧೈರ್ಯ ಬರಲೇ ಇಲ್ಲ. ಈಗ ನನಗೆ ಅನಿಸುವುದು, ಅದು ಹಾಗೆ ಮುಂಗಡವಾಗಿ ಬರುವ ವಸ್ತುವೇ ಅಲ್ಲ. ಕಾಲು ನೀರಿಗೆ ಇಟ್ಟಾಗ, ಆ ಹೆಜ್ಜೆಗೆ ಎಷ್ಟು ಬೇಕೋ ಅಷ್ಟು ಸಿಗುತ್ತದೆ.

ಹೆದರಿಕೆಯ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಸಭೆಗಳಲ್ಲಿ ಒಂದು ಅಭ್ಯಾಸ ಇದೆ. ಯಾರಾದರೂ "ನನಗೆ ಭಯ ಆಗ್ತಿದೆ" ಎಂದರೆ, "ನಿಮ್ಮ ನಂಬಿಕೆ ಕಡಿಮೆ" ಎಂದುಬಿಡುತ್ತೇವೆ. ಇದು ಕ್ರೂರ ಮಾತು. ಸತ್ಯವೇದದ ಮಾತೂ ಅಲ್ಲ. 56ನೇ ಕೀರ್ತನೆಯಲ್ಲಿ ದಾವೀದ ತನಗೆ ಹೆದರಿಕೆಯೇ ಆಗುವುದಿಲ್ಲ ಎಂದು ಹೇಳಿಕೊಳ್ಳುವುದಿಲ್ಲ. ಹೆದರಿಕೆ ಆದಾಗ ನಿನ್ನನ್ನೇ ಆಶ್ರಯಿಸುತ್ತೇನೆ ಎನ್ನುತ್ತಾನೆ. ಒಂದೇ ಸಾಲಿನಲ್ಲಿ ಭಯವೂ ಇದೆ, ಭರವಸೆಯೂ ಇದೆ. ಪಾರಸಿಯ ರಾಜನಿಗೆ ದ್ರಾಕ್ಷಾರಸ ಕೊಡುವ ಕೆಲಸದಲ್ಲಿದ್ದ ನೆಹೆಮೀಯ, ಹಾಳಾದ ಯೆರೂಸಲೇಮಿಗಾಗಿ ದುಃಖಿಸುತ್ತಾ ಆ ರಾಜನ ಮುಂದೆ ನಿಂತಾಗ ತನಗೆ ಬಹಳ ಭಯವಾಯಿತು ಎಂದು ತಾನೇ ಬರೆದಿಟ್ಟಿದ್ದಾನೆ.

ಗೆತ್ಸೇಮನೆ ತೋಟಕ್ಕೆ ಹೋಗಿ ನೋಡಿ. ಯೇಸು ಸ್ವಾಮಿ ಪೇತ್ರ, ಯಾಕೋಬ, ಯೋಹಾನರನ್ನು ಪಕ್ಕಕ್ಕೆ ಕರೆದುಕೊಂಡು, ಪ್ರಾಣ ಹೋಗುವಷ್ಟು ದುಃಖ ಆಗಿದೆ, ನನ್ನ ಜೊತೆ ಎಚ್ಚರವಾಗಿರಿ ಎಂದು ಕೇಳಿದರು. ದೇವರ ಮಗನೇ "ನನ್ನ ಜೊತೆ ಇರಿ" ಎಂದು ಮೂರು ಜನ ಮೀನುಗಾರರನ್ನು ಕೇಳಿಕೊಂಡರು! ಈ ಬಟ್ಟಲು ನನ್ನಿಂದ ದೂರ ಹೋಗಲಿ ಎಂದು ಪ್ರಾರ್ಥಿಸಿದರು. ಒಂದೇ ಸಲ ಅಲ್ಲ, ಮೂರು ಸಲ. ಇಷ್ಟನ್ನು ಓದಿದ ಮೇಲೂ, ನಡುಗುವ ಮನುಷ್ಯನಿಗೆ ನಂಬಿಕೆ ಇಲ್ಲ ಎಂದು ನಾವು ಹೇಗೆ ಹೇಳುತ್ತೇವೆ?

ಈಗ ನಾನು ಜಾಸ್ತಿ ಹೊತ್ತು ಮಾತಾಡಬೇಕೆಂದಿರುವ ಮನುಷ್ಯನ ಹತ್ತಿರ ಬರುತ್ತೇನೆ. ದಮಸ್ಕದ ಅನನೀಯ. ಅಪೊಸ್ತಲರ ಕೃತ್ಯಗಳ 9ನೇ ಅಧ್ಯಾಯದಲ್ಲಿ ಬರುತ್ತಾನೆ. ಆಮೇಲೆ 22ನೇ ಅಧ್ಯಾಯದಲ್ಲಿ ಪೌಲ ತನ್ನ ಕಥೆ ಹೇಳುವಾಗ ಒಮ್ಮೆ ನೆನೆಸಿಕೊಳ್ಳುತ್ತಾನೆ. ಅಷ್ಟೇ. ಮತ್ತೆಲ್ಲೂ ಅವನ ಸುದ್ದಿಯಿಲ್ಲ. ಅವನು ಅಪೊಸ್ತಲನಲ್ಲ, ಒಬ್ಬ ಶಿಷ್ಯ. ನಮ್ಮಂಥವನು.

ಅವನಿಗೆ ಬಂದ ಅಪ್ಪಣೆ ಏನು? ಎದ್ದು 'ನೇರ ಬೀದಿ' ಎಂಬ ಬೀದಿಗೆ ಹೋಗು. ಯೂದ ಎಂಬವನ ಮನೆಯಲ್ಲಿ ಸೌಲನಿದ್ದಾನೆ, ಅವನನ್ನು ಕಾಣು. ಬೀದಿಯ ಹೆಸರು, ಮನೆಯವನ ಹೆಸರು ಎಲ್ಲಾ ಸ್ಪಷ್ಟ. ಆದರೆ ಸೌಲ, ಮುಂದೆ ಪೌಲ ಎನಿಸಿಕೊಂಡವನು, ಆಗ ಯಾರು? ಯೇಸು ಸ್ವಾಮಿಯನ್ನು ನಂಬಿದ ಸ್ತೆಫನನನ್ನು ಕಲ್ಲೆಸೆದು ಕೊಂದಾಗ ಸಾಕ್ಷಿಗಳ ಬಟ್ಟೆ ಕಾದವನು. ಮನೆಮನೆಗೆ ನುಗ್ಗಿ ಗಂಡಸರನ್ನೂ ಹೆಂಗಸರನ್ನೂ ಎಳೆದುಕೊಂಡು ಹೋಗಿ ಜೈಲಿಗೆ ಹಾಕಿದವನು. ದಮಸ್ಕಕ್ಕೆ ಅವನು ಬರುತ್ತಿದ್ದದ್ದೇ ಅನನೀಯನಂಥವರನ್ನು ಕಟ್ಟಿ ಯೆರೂಸಲೇಮಿಗೆ ಒಯ್ಯುವುದಕ್ಕೆ. ಅದಕ್ಕೆ ಬೇಕಾದ ಪತ್ರಗಳೂ ಅವನ ಕೈಯಲ್ಲಿದ್ದವು.

ಅನನೀಯ ತಕ್ಷಣ "ಆಗಲಿ" ಎನ್ನಲಿಲ್ಲ. ಕರ್ತನೇ, ಆ ಮನುಷ್ಯನ ಬಗ್ಗೆ ಬಹಳ ಜನರಿಂದ ಕೇಳಿದ್ದೇನೆ ಎಂದು ಶುರುಮಾಡಿದ. ದೇವರಿಗೆ ಗೊತ್ತಿಲ್ಲದ ಸುದ್ದಿ ಹೇಳುವವನ ಹಾಗೆ ಎಲ್ಲವನ್ನೂ ವಿವರಿಸಿದ. ಇದನ್ನು ಓದುವಾಗ ನನಗೆ ಕಣ್ಣು ತುಂಬಿ ಬರುತ್ತದೆ. ನನ್ನ ಪ್ರಾರ್ಥನೆಗಳೂ ಹೀಗೇ ಇರುತ್ತವೆ. "ಸ್ವಾಮಿ, ಅವರು ಎಂಥವರು ಅಂತ ನಿಮಗೆ ಗೊತ್ತಿಲ್ಲ" ಎನ್ನುವ ಹಾಗೆ. ಕರ್ತನು ಅವನನ್ನು ಗದರಿಸಲಿಲ್ಲ. ಹೋಗು ಎಂದರು. ಯಾಕೆ ಹೋಗಬೇಕು ಎಂಬುದನ್ನೂ ಸ್ವಲ್ಪ ತಿಳಿಸಿದರು. ಆದರೆ "ನಿನಗೆ ಏನೂ ಆಗುವುದಿಲ್ಲ" ಎಂಬ ಮಾತು ಅಲ್ಲಿಲ್ಲ. ಬೇಕಾದರೆ ಮತ್ತೆ ಓದಿ ನೋಡಿ.

ಅನನೀಯ ಹೊರಟ. ಮನೆಯಿಂದ ಆ ಬೀದಿಗೆ ಎಷ್ಟು ದೂರ ಇತ್ತೋ, ಆ ನಡಿಗೆಯ ಬಗ್ಗೆ ಈ ಪುಸ್ತಕ ಬರೆದ ಲೂಕ ಏನೂ ಬರೆದಿಲ್ಲ. ನನಗೆ ಆ ನಡಿಗೆಯೇ ಮುಖ್ಯ. ಪ್ರತಿ ಹೆಜ್ಜೆಯಲ್ಲೂ ವಾಪಸ್ ತಿರುಗುವ ಅವಕಾಶ ಇತ್ತು. ತಿರುಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೆಂಡತಿ ಮಕ್ಕಳು ಇದ್ದರೋ ಏನೋ, ಅವರಿಗೆ ಹೇಳಿ ಹೊರಟನೋ ಇಲ್ಲವೋ. ಮನೆ ಬಂತು. ಒಳಗೆ ಹೋದ. ದಾರಿಯಲ್ಲಿ ಯೇಸು ಸ್ವಾಮಿಯ ಬೆಳಕು ಬಡಿದು ಕಣ್ಣು ಕಾಣದೆ, ಮೂರು ದಿನದಿಂದ ಅನ್ನ ನೀರಿಲ್ಲದೆ ಕೂತಿದ್ದ ಆ ಮನುಷ್ಯನ ಮೇಲೆ ಕೈಯಿಟ್ಟ. ಬಾಯಿಂದ ಬಂದ ಮೊದಲ ಮಾತು, "ಸಹೋದರನಾದ ಸೌಲನೇ."

ಆ ಒಂದು ಮಾತು! ಸೌಲನು ಪಶ್ಚಾತ್ತಾಪಪಟ್ಟದ್ದನ್ನು ಅನನೀಯ ಕಣ್ಣಾರೆ ಕಂಡಿರಲಿಲ್ಲ. ಕೈದಿಯಾಗಿ ತನ್ನನ್ನು ಒಯ್ಯಲು ಬಂದವನನ್ನು ಅಣ್ಣತಮ್ಮಂದಿರಂತೆ ಕರೆದ. ಕತ್ತಲಲ್ಲಿ ಕೂತಿದ್ದ ಸೌಲನಿಗೆ ಸಭೆಯ ಕಡೆಯಿಂದ ಸಿಕ್ಕ ಮೊದಲ ದನಿ ಅದು. ಮುಂದೆ ಪೌಲ ಮಾಡಿದ ಪ್ರಯಾಣಗಳು, ಬರೆದ ಪತ್ರಗಳು ನಮಗೆಲ್ಲಾ ಗೊತ್ತು. ಅವೆಲ್ಲಕ್ಕೂ ಮುಂಚೆ ಒಬ್ಬ ಸಾಮಾನ್ಯ ಮನುಷ್ಯ ಹೆದರಿಕೊಂಡೇ ಒಂದು ಬೀದಿ ದಾಟಿದ್ದ. ನಮ್ಮಲ್ಲಿ ಹೆಚ್ಚಿನವರಿಗೆ ದಾನಿಯೇಲನನ್ನು ಹಾಕಿದಂಥ ಸಿಂಹದ ಗವಿ ಎದುರಾಗುವುದಿಲ್ಲ. ಎದುರಾಗುವುದು ಇಂಥ ಬೀದಿ. ಮಾತು ಬಿಟ್ಟ ತಮ್ಮನ ಮನೆಗೆ ಹೋಗುವ ಬೀದಿ. ನಮ್ಮನ್ನು ನೋಯಿಸಿದವರು ಮಲಗಿರುವ ಆಸ್ಪತ್ರೆಯ ಕಾರಿಡಾರು.

ನನ್ನದೇ ಒಂದು ವಿಷಯ ಹೇಳುತ್ತೇನೆ. ಹೇಳಲು ಸುಲಭವಲ್ಲ. ನಾನು ಲೆಕ್ಕಪತ್ರದ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೆ. ವರ್ಷದ ಕೊನೆಯಲ್ಲಿ ಸ್ಟಾಕ್ ರಿಜಿಸ್ಟರ್ ನನ್ನ ಮುಂದೆ ಬಂತು. ಬಾರದೇ ಇದ್ದ ಸಾಮಾನು ಬಂದಿದೆ ಎಂದು ಅದರಲ್ಲಿ ಬರೆದಿತ್ತು. ನನ್ನ ಸಹಿ ಬೇಕಿತ್ತು. "ಎಲ್ಲಾ ಕಡೆ ಹೀಗೇ ನಡೆಯುತ್ತೆ, ಸುಮ್ನೆ ಹಾಕಿ" ಎಂದರು. ಮನೆ ಸಾಲ ಇತ್ತು, ಮಕ್ಕಳು ಚಿಕ್ಕವರು. ಹಾಕಿದೆ. ಮುಂದಿನ ಭಾನುವಾರ ಆರಾಧನೆಗೆ ಹೋದೆ, ಹಾಡಿದೆ, ಯೇಸು ಸ್ವಾಮಿಯ ನೆನಪಿಗೆ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ಹೊತ್ತಿಗೆ ಎದ್ದು ಹೊರಗೆ ಬಂದುಬಿಟ್ಟೆ. ಯಾರಿಗೂ ಏನೂ ಹೇಳಲಿಲ್ಲ.

ಒಂದು ವರ್ಷ ಕಳೆಯಿತು. ಅದೇ ರಿಜಿಸ್ಟರ್ ಮತ್ತೆ ಬಂತು. ಆ ರಾತ್ರಿ ಸಭೆಯ ಹಿರಿಯರೊಬ್ಬರಿಗೆ ಫೋನ್ ಮಾಡಿ ಎರಡೂ ವರ್ಷದ ವಿಷಯ ಹೇಳಿದೆ. ಅವರು ಉಪದೇಶ ಮಾಡಲಿಲ್ಲ. "ನಾಳೆ ಎಷ್ಟು ಗಂಟೆಗೆ ಅವರ ರೂಮಿಗೆ ಹೋಗ್ತೀರಿ?" ಎಂದರು. ಹತ್ತಕ್ಕೆ ಎಂದೆ. "ಸರಿ, ಹತ್ತಕ್ಕೆ ನಾನು ಮೊಣಕಾಲೂರಿ ಕೂತಿರ್ತೀನಿ" ಎಂದರು. ಮಾರನೇ ದಿನ ಹತ್ತು ಗಂಟೆಗೆ ಬಾಗಿಲ ಹೊರಗೆ ನಿಂತೆ. ಕೈ ನಡುಗುತ್ತಿತ್ತು. ಒಳಗೆ ಹೋಗಿ, "ಸರ್, ಇದಕ್ಕೆ ಸಹಿ ಹಾಕಲು ನನ್ನಿಂದ ಆಗುವುದಿಲ್ಲ. ಹೋದ ವರ್ಷ ಹಾಕಿದ್ದೂ ತಪ್ಪು" ಎಂದೆ. ದನಿ ಒಡೆದಿತ್ತು. ವೀರನ ಹಾಗೆ ಹೇಳಲು ನನಗೆ ಬರಲಿಲ್ಲ.

ಆಮೇಲೆ ಏನಾಯಿತು ಎಂದು ಕೇಳುತ್ತೀರಿ, ಅಲ್ವಾ? ನನ್ನನ್ನು ಬೇರೆ ವಿಭಾಗಕ್ಕೆ ಹಾಕಿದರು. ಬರಬೇಕಿದ್ದ ಬಡ್ತಿ ಬಹಳ ವರ್ಷ ಬರಲಿಲ್ಲ. ಜೊತೆಯಲ್ಲಿ ಊಟಕ್ಕೆ ಕೂರುತ್ತಿದ್ದ ಇಬ್ಬರು ಬೇರೆ ಮೇಜಿಗೆ ಹೋದರು. ದೇವರು ಅದಕ್ಕಿಂತ ಒಳ್ಳೆಯ ಕೆಲಸ ಕೊಟ್ಟರು ಎಂದು ಸಾಕ್ಷಿ ಹೇಳುವ ಆಸೆ ನನಗೂ ಇತ್ತು. ಹಾಗಾಗಲಿಲ್ಲ. ಆದರೆ ಮುಂದಿನ ಭಾನುವಾರ ಕರ್ತನ ಭೋಜನಕ್ಕೆ ಕೈ ಚಾಚಿದೆ. ಆ ರೊಟ್ಟಿಯ ತುಂಡನ್ನು ನಾನು ಇವತ್ತಿಗೂ ಮರೆತಿಲ್ಲ.

ನಂಬಿಕೆಯಿಂದ ನಡೆದರೆ ಕೊನೆಗೆ ಎಲ್ಲಾ ಒಳ್ಳೆಯದೇ ಆಗುತ್ತದೆ ಎಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಸತ್ಯವೇದ ಅಷ್ಟು ಅವಸರದಲ್ಲಿ ಹಾಗೆ ಹೇಳುವುದಿಲ್ಲ. ದಾನಿಯೇಲನ ಪುಸ್ತಕದ ಆ ಮೂವರನ್ನು ನೆನೆಸಿಕೊಳ್ಳಿ. ಶದ್ರಕ್, ಮೇಷಕ್, ಅಬೇದ್‌ನೆಗೋ. ದೂರಾ ಬೈಲಿನಲ್ಲಿ 60 ಮೊಳ ಎತ್ತರದ ಬಂಗಾರದ ಪ್ರತಿಮೆ. ವಾದ್ಯ ಕೇಳಿದ ಕೂಡಲೇ ಎಲ್ಲರೂ ಅಡ್ಡಬೀಳಬೇಕು. ಬೀಳದಿದ್ದರೆ ಬೆಂಕಿಯ ಕುಲುಮೆ. ಬಾಬೆಲಿನ ರಾಜ ನೆಬೂಕದ್ನೆಚ್ಚರನಿಗೆ ಅವರು ಕೊಟ್ಟ ಉತ್ತರದಲ್ಲಿ ಎರಡು ಭಾಗ ಇದೆ. ನಮ್ಮ ದೇವರು ನಮ್ಮನ್ನು ಬಿಡಿಸಬಲ್ಲರು. ಬಿಡಿಸದೆ ಹೋದರೂ ನಾವು ನಿನ್ನ ಪ್ರತಿಮೆಗೆ ಅಡ್ಡಬೀಳುವುದಿಲ್ಲ. ನಾವು ಭಾನುವಾರ ಶಾಲೆಯಲ್ಲಿ ಮೊದಲ ಭಾಗವನ್ನು ಬಾಯಿಪಾಠ ಮಾಡಿಸುತ್ತೇವೆ. ಅವರನ್ನು ನಿಲ್ಲಿಸಿದ್ದು ಎರಡನೆಯ ಭಾಗ. ಕುಲುಮೆಯಲ್ಲಿ ನಾಲ್ಕನೆಯವನು ಕಾಣಿಸಿಕೊಂಡದ್ದು ಆಮೇಲಿನ ಕಥೆ. ಉತ್ತರ ಕೊಡುವಾಗ ಆ ನಾಲ್ಕನೆಯವನು ಅವರ ಕಣ್ಣಿಗೆ ಕಾಣುತ್ತಿರಲಿಲ್ಲ.

ಇನ್ನೂ ಕಷ್ಟವಾದ ಅಧ್ಯಾಯ ಒಂದಿದೆ. ಅಪೊಸ್ತಲರ ಕೃತ್ಯಗಳು 12. ಹೆರೋದ ರಾಜ ಯೋಹಾನನ ಅಣ್ಣ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ. ಜನಕ್ಕೆ ಖುಷಿಯಾಯಿತು ಎಂದು ನೋಡಿ ಪೇತ್ರನನ್ನೂ ಹಿಡಿದ. ಕಾವಲಿಗೆ ನಾಲ್ಕು ನಾಲ್ಕು ಸಿಪಾಯಿಗಳ ನಾಲ್ಕು ಗುಂಪು, ಒಟ್ಟು 16 ಜನ. ಸಭೆ ಪ್ರಾರ್ಥನೆ ಮಾಡಿತು. ದೂತ ಬಂದ, ಸಂಕೋಲೆ ಕಳಚಿತು, ಕಬ್ಬಿಣದ ಬಾಗಿಲು ತಾನಾಗಿ ತೆರೆಯಿತು. ಪೇತ್ರ ಹೊರಗೆ ಬಂದ. ಯಾಕೋಬನ ಸಾವಿಗೆ ಒಂದೇ ವಾಕ್ಯ. ಪೇತ್ರನ ಬಿಡುಗಡೆಗೆ ಒಂದಿಡೀ ಕಥೆ.

ಅದೇ ಸಭೆ, ಅದೇ ರಾಜ, ಅದೇ ದೇವರು. ಒಬ್ಬ ಸತ್ತ, ಒಬ್ಬ ಉಳಿದ. ಯಾಕೆ? ಲೂಕ ಕಾರಣ ಹೇಳುವುದಿಲ್ಲ. ಯಾಕೋಬನ ನಂಬಿಕೆ ಸಾಲದಾಗಿತ್ತು ಎಂದು ಒಂದು ಅಕ್ಷರವೂ ಇಲ್ಲ. ಯಾಕೋಬನ ತಾಯಿಯನ್ನು ನಾನು ಎಷ್ಟೋ ಸಲ ನೆನೆಸುತ್ತೇನೆ. ಆ ಕಾಲಕ್ಕೆ ಅವಳು ಬದುಕಿದ್ದಿದ್ದರೆ, ಪೇತ್ರನ ಬಿಡುಗಡೆಗೆ ಸಭೆ ಕುಣಿದಾಡಿದ ರಾತ್ರಿ ಅವಳ ಮನಸ್ಸು ಹೇಗಿದ್ದಿರಬೇಕು! ನಮ್ಮ ಸಭೆಗಳಲ್ಲೂ ಸಾಕ್ಷಿ ಹೇಳುವ ಹೊತ್ತಿನಲ್ಲಿ ಹಿಂದಿನ ಬೆಂಚಿನಲ್ಲಿ ಅಂಥ ತಾಯಂದಿರು ಕೂತಿರುತ್ತಾರೆ. ಅವರ ಮಗು ವಾಸಿಯಾಗಲಿಲ್ಲ. ಆದರೂ ಅವರು ಮುಂದಿನ ವಾರ ಬರುತ್ತಾರೆ, ಹಾಡುತ್ತಾರೆ. ಧೈರ್ಯ ಎಂದರೆ ಏನು ಎಂದು ನನ್ನನ್ನು ಕೇಳಿದರೆ ನಾನು ಮೊದಲು ಅವರನ್ನೇ ತೋರಿಸುತ್ತೇನೆ.

ಆ ಅಧ್ಯಾಯದಲ್ಲಿ ಇನ್ನೊಂದು ಇದೆ. ಮರುದಿನ ಸಾವು ಇರಬಹುದಾದ ರಾತ್ರಿ ಇಬ್ಬರು ಸಿಪಾಯಿಗಳ ನಡುವೆ ಪೇತ್ರ ನಿದ್ದೆ ಮಾಡುತ್ತಿದ್ದ. ದೂತ ಅವನ ಪಕ್ಕೆ ತಟ್ಟಿ ಎಬ್ಬಿಸಬೇಕಾಯಿತು. ಈ ನಿದ್ದೆಗೆ ಮತ್ತೆ ಬರುತ್ತೇನೆ.

ಧೈರ್ಯ ಎಂದ ಕೂಡಲೇ ಅಪಾಯಕ್ಕೆ ಎದೆಯೊಡ್ಡುವುದು ಎಂದುಕೊಳ್ಳುವವರಿಗೆ ಪೊಲಿಕಾರ್ಪನ ಕಥೆ ಹೇಳಬೇಕು. ಸ್ಮುರ್ನದ ಸಭೆಯ ಬಿಷಪ್. ಇವತ್ತು ಆ ಊರು ಟರ್ಕಿಯ ಇಜ್ಮಿರ್. ಸುಮಾರು ಕ್ರಿ.ಶ. 155ರಲ್ಲಿ ಅಲ್ಲಿ ಕ್ರೈಸ್ತರ ಮೇಲೆ ಹಿಂಸೆ ಎದ್ದಿತು. ಆ ಸಮಯದಲ್ಲಿ ಕ್ವಿಂತುಸ್ ಎಂಬವನು ತಾನಾಗಿ ಮುಂದೆ ಬಂದು ಶರಣಾದ. ಬೇರೆಯವರನ್ನೂ ಹುರಿದುಂಬಿಸಿದ. ಕಾಡುಪ್ರಾಣಿಗಳನ್ನು ಕಂಡಾಗ ಎದೆ ಒಡೆದು, ಕ್ರಿಸ್ತನನ್ನು ಬಿಟ್ಟುಕೊಟ್ಟ. ಪೊಲಿಕಾರ್ಪ ಹಾಗೆ ಮಾಡಲಿಲ್ಲ. ಸ್ನೇಹಿತರ ಮಾತು ಕೇಳಿ ಊರ ಹೊರಗಿನ ತೋಟದ ಮನೆಗೆ ಹೋದ. ಅಲ್ಲಿಂದ ಇನ್ನೊಂದು ಮನೆಗೆ ಹೋದ. ಸಿಪಾಯಿಗಳು ಕೊನೆಗೆ ಹುಡುಕಿಕೊಂಡು ಬಂದಾಗ ಓಡಲಿಲ್ಲ. ಕೆಳಗಿಳಿದು ಬಂದು ಅವರಿಗೆ ಊಟ ಬಡಿಸಲು ಹೇಳಿದ. ಪ್ರಾರ್ಥನೆಗೆ ಒಂದು ಗಂಟೆ ಕೇಳಿದ, ಎರಡು ಗಂಟೆ ಪ್ರಾರ್ಥಿಸಿದ. ಕ್ರಿಸ್ತನನ್ನು ಬೈದರೆ ಬಿಡುತ್ತೇನೆ ಎಂದು ಅಧಿಪತಿ ಹೇಳಿದಾಗ ಕೊಟ್ಟ ಉತ್ತರ ನಿಮಗೆ ಗೊತ್ತಿರಬಹುದು. 86 ವರ್ಷ ಅವರ ಸೇವೆ ಮಾಡಿದ್ದೇನೆ, ಅವರು ನನಗೆ ಯಾವ ಕೇಡೂ ಮಾಡಿಲ್ಲ, ನನ್ನನ್ನು ರಕ್ಷಿಸಿದ ಅರಸನನ್ನು ಹೇಗೆ ಬೈಯಲಿ ಎಂದ. ಅವನನ್ನು ಬೆಂಕಿಗೆ ಒಪ್ಪಿಸಿದರು.

ಅಡಗಿಕೊಂಡವನು ಕೊನೆಗೆ ನಿಂತ, ತಾನೇ ಮುನ್ನುಗ್ಗಿದವನು ಕುಸಿದ. ಇದನ್ನು ಬರೆದಿಟ್ಟ ಸ್ಮುರ್ನದ ಸಭೆಯವರು ಕ್ವಿಂತುಸನ ದಾರಿಯನ್ನು ನಾವು ಮೆಚ್ಚುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದಾರೆ. ಒಂದು ಊರಿನಲ್ಲಿ ಹಿಂಸೆಪಡಿಸಿದರೆ ಇನ್ನೊಂದು ಊರಿಗೆ ಓಡಿಹೋಗಿರಿ ಎಂದು ಯೇಸು ಸ್ವಾಮಿಯೇ ಹೇಳಿದ್ದಾರೆ. ಪೌಲ ದಮಸ್ಕದ ಗೋಡೆಯಿಂದ ಪುಟ್ಟಿಯಲ್ಲಿ ಕೂತು ರಾತ್ರೋರಾತ್ರಿ ಇಳಿದುಹೋದ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ಮನೆಯಲ್ಲಿ ದಿನಾ ಹೊಡೆತ ತಿನ್ನುವ ಹೆಣ್ಣುಮಗಳಿಗೆ "ಸಹಿಸಿಕೋ ಅಮ್ಮ, ಅದೇ ನಿನ್ನ ಶಿಲುಬೆ" ಎಂದು ಹೇಳಿ ಕಳಿಸಿದವರು ನಮ್ಮಲ್ಲಿದ್ದಾರೆ. ದಯವಿಟ್ಟು ಹಾಗೆ ಹೇಳಬೇಡಿ. ಅವಳಿಗೆ ಬೇಕಾಗಿರುವುದು ಗೋಡೆಯಿಂದ ಇಳಿಯಲು ಒಂದು ಪುಟ್ಟಿ, ಹಗ್ಗ ಹಿಡಿಯಲು ನಾಲ್ಕು ಕೈ. ಪೌಲನ ಪುಟ್ಟಿಯ ಹಗ್ಗ ಹಿಡಿದ ಶಿಷ್ಯರ ಹೆಸರು ಯಾರಿಗೂ ಗೊತ್ತಿಲ್ಲ. ಅವರೂ ಆ ರಾತ್ರಿ ಪ್ರಾಣ ಪಣಕ್ಕಿಟ್ಟಿದ್ದರು.

ಹಗ್ಗ ಹಿಡಿದವರು ಎಂದಾಗ ಫ್ರಾನ್ಸಿನ ಒಂದು ಹಳ್ಳಿ ನೆನಪಾಗುತ್ತದೆ. ಲ ಶಾಂಬೋನ್, ಬೆಟ್ಟದ ಮೇಲಿನ ಊರು. ಅಲ್ಲಿಯ ಪ್ರೊಟೆಸ್ಟೆಂಟ್ ಜನರ ಪೂರ್ವಿಕರು ನಂಬಿಕೆಗಾಗಿ ಹಿಂಸೆ ಅನುಭವಿಸಿದವರು. 1940ರ ಜೂನ್ 22ರಂದು ಫ್ರಾನ್ಸ್ ಜರ್ಮನಿಯ ಮುಂದೆ ಸೋಲೊಪ್ಪಿ ಸಹಿ ಹಾಕಿತು. ಮಾರನೇ ದಿನ ಭಾನುವಾರ. ಪಾದ್ರಿ ಆಂದ್ರೆ ತ್ರೋಕ್ಮೆ ಮತ್ತು ಜೊತೆ ಪಾದ್ರಿ ಎದುವಾರ್ ತೇಯ್ಸ್ ಇಬ್ಬರೂ, ಆತ್ಮದ ಆಯುಧಗಳಿಂದ ಹಿಂಸೆಯನ್ನು ಎದುರಿಸುವುದು ಕ್ರೈಸ್ತರ ಕರ್ತವ್ಯ ಎಂದು ಸಭೆಗೆ ಹೇಳಿದರು. ಮಾತು ಅಷ್ಟಕ್ಕೇ ನಿಂತಿದ್ದರೆ ಅದೊಂದು ಒಳ್ಳೆಯ ಪ್ರಸಂಗ ಆಗಿರುತ್ತಿತ್ತು. ಆ ಚಳಿಗಾಲದಲ್ಲಿ ಪಾದ್ರಿಯ ಮನೆಯ ಬಾಗಿಲು ಯಾರೋ ತಟ್ಟಿದರು. ಹಿಮದಲ್ಲಿ ನಿಂತಿದ್ದವಳು ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಯೆಹೂದಿ ಹೆಂಗಸು. ಪಾದ್ರಿಯ ಹೆಂಡತಿ ಮಾಗ್ದಾ ಅವಳನ್ನು ಒಳಗೆ ಕರೆದರು. ಮುಂದೆ ಆ ಊರು ಮತ್ತು ಸುತ್ತಲಿನ ಹಳ್ಳಿಗಳು ಸಾವಿರಾರು ಜನರನ್ನು ಬಚ್ಚಿಟ್ಟು ಉಳಿಸಿದವು. ಯೆಹೂದಿಗಳನ್ನು ಹಿಡಿದುಕೊಡು ಎಂದು ಅಧಿಕಾರಿಗಳು ಕೇಳಿದಾಗ ತ್ರೋಕ್ಮೆ ಒಪ್ಪಲಿಲ್ಲ. ನಮಗೆ ಗೊತ್ತಿರುವುದು ಮನುಷ್ಯರು ಮಾತ್ರ ಎಂದರು.

ಇಷ್ಟು ದೊಡ್ಡ ಕೆಲಸದ ಶುರು ಒಂದು ಬಾಗಿಲು ತೆರೆದದ್ದು. ಒಲೆಯ ಹತ್ತಿರ ಒಬ್ಬಳನ್ನು ಕೂರಿಸಿದ್ದು. ಆ ಕ್ಷಣದಲ್ಲಿ ಮಾಗ್ದಾಗೆ ಮುಂದಿನ ನಾಲ್ಕು ವರ್ಷ ಕಾಣುತ್ತಿರಲಿಲ್ಲ. ಕಂಡಿದ್ದು ಚಳಿಯಲ್ಲಿ ನಡುಗುವ ಒಬ್ಬ ಹೆಂಗಸು.

ಧೈರ್ಯವನ್ನೂ ಬುದ್ಧಿಯನ್ನೂ ಬೇರೆ ಮಾಡುವವರಿಗೆ ಅಪೊಸ್ತಲರ ಕೃತ್ಯಗಳ 27ನೇ ಅಧ್ಯಾಯ ಓದಿ ಎನ್ನುತ್ತೇನೆ. ಪೌಲ ಕೈದಿಯಾಗಿ ರೋಮಿಗೆ ಹೋಗುತ್ತಿದ್ದ ಹಡಗು ಬಿರುಗಾಳಿಗೆ ಸಿಕ್ಕಿತು. ಹಡಗಿನಲ್ಲಿ 276 ಜನ. ಬಹಳ ದಿನ ಸೂರ್ಯನೂ ಇಲ್ಲ, ನಕ್ಷತ್ರವೂ ಇಲ್ಲ. ಯಾರ ಪ್ರಾಣವೂ ಹೋಗುವುದಿಲ್ಲ ಎಂದು ದೇವದೂತ ಪೌಲನಿಗೆ ಹೇಳಿದ್ದ. ಅಷ್ಟು ಸಾಕು ಎಂದು ಪೌಲ ಕಣ್ಣು ಮುಚ್ಚಿ ಕೂರಲಿಲ್ಲ. ನಾವಿಕರು ಕಳ್ಳತನದಿಂದ ದೋಣಿ ಇಳಿಸಿ ಓಡಿಹೋಗಲು ನೋಡುತ್ತಿದ್ದದ್ದನ್ನು ಗಮನಿಸಿದ. ಇವರು ಹಡಗಿನಲ್ಲಿ ಉಳಿಯದಿದ್ದರೆ ನೀವು ಉಳಿಯುವುದಿಲ್ಲ ಎಂದು ಶತಾಧಿಪತಿಗೆ ಹೇಳಿದ. ದೇವರ ಮಾತು ಕೈಯಲ್ಲಿದ್ದರೂ ಹಗ್ಗದ ಕಡೆ ಕಣ್ಣಿತ್ತು.

ಬೆಳಗಾಗುವ ಹೊತ್ತಿಗೆ ಅವನು ಹೇಳಿದ್ದು, ಊಟ ಮಾಡಿ ಎಂದು. 14 ದಿನದಿಂದ ನೀವು ಏನೂ ತಿಂದಿಲ್ಲ, ತಿನ್ನಿ, ನಿಮ್ಮ ಪ್ರಾಣ ಉಳಿಯಲು ಇದು ಬೇಕು. ಆಮೇಲೆ ತಾನೇ ರೊಟ್ಟಿ ತೆಗೆದುಕೊಂಡು, ಎಲ್ಲರ ಮುಂದೆ ದೇವರಿಗೆ ಸ್ತೋತ್ರ ಹೇಳಿ, ಮುರಿದು, ತಿನ್ನಲು ಶುರುಮಾಡಿದ. ಆಗ ಎಲ್ಲರಿಗೂ ಧೈರ್ಯ ಬಂತು, ಅವರೂ ತಿಂದರು. ನನಗೆ ಈ ದೃಶ್ಯ ಬಹಳ ಪ್ರಿಯ. ಮುಳುಗುವ ಹಡಗಿನಲ್ಲಿ ಒಬ್ಬ ಕೈದಿ ತಿಂಡಿ ತಿನ್ನುತ್ತಿದ್ದಾನೆ, ಅದನ್ನು ನೋಡಿ 275 ಜನರ ಎದೆ ಗಟ್ಟಿಯಾಗುತ್ತಿದೆ. ಮನೆಯಲ್ಲಿ ದೊಡ್ಡ ಕಷ್ಟ ಬಂದಾಗ ಬೆಳಿಗ್ಗೆ ಎದ್ದು ಒಲೆ ಹಚ್ಚಿ, ಮಕ್ಕಳ ತಲೆ ಬಾಚಿ, ಊಟದ ಮುಂಚೆ ಎಂದಿನಂತೆ ಪ್ರಾರ್ಥನೆ ಹೇಳುವ ತಾಯಿ ಮಾಡುವುದೂ ಇದನ್ನೇ. ಕೊನೆಗೆ ಹಡಗು ಒಡೆದುಹೋಯಿತು. ಜನ ಉಳಿದರು. ಕೆಲವರು ಈಜಿ ದಡ ಸೇರಿದರು, ಉಳಿದವರು ಹಲಗೆ ಹಿಡಿದು ತೇಲಿಬಂದರು.

ಈಗ ಪೇತ್ರನ ನಿದ್ದೆಗೆ ಬರೋಣ. ಅಂಥ ನೆಮ್ಮದಿ ಎಲ್ಲಿಂದ ಬರುತ್ತದೆ? ಒಂದು ಉತ್ತರ ನೆಹೆಮೀಯನಲ್ಲಿದೆ. ರಾಜನ ಮುಂದೆ ಅವನು ಮಾಡಿದ ಪ್ರಾರ್ಥನೆ ಕಣ್ಣು ಮಿಟುಕಿಸುವಷ್ಟು ಚಿಕ್ಕದು. ಆದರೆ ಅದರ ಹಿಂದೆ ಕಿಸ್ಲೇವ್ ತಿಂಗಳಿಂದ ನೈಸಾನ್ ತಿಂಗಳವರೆಗೆ, ಸುಮಾರು ನಾಲ್ಕು ತಿಂಗಳ ಉಪವಾಸ, ಅಳು, ಪ್ರಾರ್ಥನೆ ಇತ್ತು. ದಾನಿಯೇಲ, ರಾಜನನ್ನು ಬಿಟ್ಟು ಯಾರಿಗೂ ಪ್ರಾರ್ಥಿಸಬಾರದು ಎಂಬ ಆಜ್ಞೆ ಬಂದ ಮೇಲೆ, ದಿನಕ್ಕೆ ಮೂರು ಸಲ ಪ್ರಾರ್ಥಿಸಲು ಶುರುಮಾಡಲಿಲ್ಲ. ಮುಂಚಿನಿಂದ ಹೇಗೆ ಮಾಡುತ್ತಿದ್ದನೋ ಹಾಗೇ ಮಾಡಿದ ಎಂದು ಬರೆದಿದೆ. ಯಾರೂ ನೋಡದ ದಿನಗಳಲ್ಲಿ ಕೂಡಿಟ್ಟದ್ದೇ ಆ ದಿನ ಕೈಗೆ ಬರುತ್ತದೆ.

ಇನ್ನೊಂದು ಉತ್ತರ ಪೇತ್ರನ ಹಳೆಯ ಕಥೆಯಲ್ಲಿದೆ. ಇದನ್ನು ಹೇಳಿ ಮುಗಿಸುತ್ತೇನೆ. ಯಾಕೆಂದರೆ ಇಲ್ಲಿ ಕೂತವರಲ್ಲಿ ಕೆಲವರು ನನ್ನ ಹಾಗೆ ಮೊದಲ ಸಲ ಸಹಿ ಹಾಕಿಬಿಟ್ಟವರು ಇರಬಹುದು. ಮಾತಾಡಬೇಕಾದಾಗ ಸುಮ್ಮನಿದ್ದವರು ಇರಬಹುದು.

ಯೇಸು ಸ್ವಾಮಿಯನ್ನು ಹಿಡಿದ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಚಳಿಗೆ ಇದ್ದಿಲ ಬೆಂಕಿ ಹಾಕಿದ್ದರು. ಪೇತ್ರ ಅಲ್ಲಿ ಮೈ ಕಾಯಿಸಿಕೊಳ್ಳುತ್ತಾ ನಿಂತಿದ್ದ. ಒಬ್ಬ ದಾಸಿ ಕೇಳಿದ್ದಕ್ಕೇ ನಾನಲ್ಲ ಎಂದಿದ್ದ. ಮೂರು ಸಲ ಯೇಸು ಸ್ವಾಮಿ ಗೊತ್ತೇ ಇಲ್ಲ ಎಂದುಬಿಟ್ಟ. ಯೋಹಾನನ ಸುವಾರ್ತೆಯಲ್ಲಿ ಇದ್ದಿಲ ಬೆಂಕಿ ಇನ್ನೊಂದೇ ಒಂದು ಕಡೆ ಬರುತ್ತದೆ. 21ನೇ ಅಧ್ಯಾಯ, ತಿಬೇರಿಯ ಸಮುದ್ರದ ದಡ, ಬೆಳಗಿನ ಜಾವ. ರಾತ್ರಿಯೆಲ್ಲಾ ಬಲೆ ಬೀಸಿ ದಣಿದವರು ದಡಕ್ಕೆ ಬಂದಾಗ ಇದ್ದಿಲ ಬೆಂಕಿ ಉರಿಯುತ್ತಿತ್ತು. ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಎದ್ದುಬಂದ ಕರ್ತನು ತಾವೇ ಅದನ್ನು ಸಿದ್ಧಮಾಡಿದ್ದರು. ಬನ್ನಿ, ಊಟ ಮಾಡಿ ಎಂದರು.

ಆ ಇದ್ದಿಲ ವಾಸನೆ ಪೇತ್ರನ ಮೂಗಿಗೆ ಬಡಿದಾಗ ಅವನಿಗೆ ಏನು ನೆನಪಾಗಿರಬೇಕು! ಆದರೆ ಕರ್ತನು ಮೊದಲು ಊಟ ಕೊಟ್ಟರು. ಊಟ ಆದ ಮೇಲೆ ಕೇಳಿದರು, ಯೋಹಾನನ ಮಗನಾದ ಸೀಮೋನನೇ, ನೀನು ನನ್ನನ್ನು ಪ್ರೀತಿಸುತ್ತೀಯಾ? ಮೂರು ಸಲ ಅಲ್ಲ ಎಂದವನಿಗೆ ಮೂರು ಸಲ ಹೌದು ಎನ್ನುವ ಅವಕಾಶ. ಯಾಕೆ ಹಾಗೆ ಮಾಡಿದೆ ಎಂದು ಒಂದು ಸಲವೂ ಕೇಳಲಿಲ್ಲ. ನನ್ನ ಕುರಿಗಳನ್ನು ಮೇಯಿಸು ಎಂದು ಕೆಲಸವನ್ನು ಅವನ ಕೈಗೇ ವಾಪಸ್ ಕೊಟ್ಟರು.

ಆಮೇಲೆ ಮುಂದಿನದನ್ನೂ ಮುಚ್ಚಿಡಲಿಲ್ಲ. ಮುದುಕನಾದಾಗ ನೀನು ಕೈ ಚಾಚುವೆ, ಬೇರೊಬ್ಬನು ನಿನ್ನ ನಡು ಕಟ್ಟಿ ನಿನಗೆ ಇಷ್ಟವಿಲ್ಲದ ಕಡೆಗೆ ಒಯ್ಯುವನು ಎಂದರು. ಹೇಳಿ, ನನ್ನನ್ನು ಹಿಂಬಾಲಿಸು ಎಂದರು. ಪೇತ್ರ ಎದ್ದ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಹಿಂದೆ ತಿರುಗಿ ನೋಡಿದ. ಯೋಹಾನ ಬರುತ್ತಿದ್ದ. ಕರ್ತನೇ, ಇವನ ಗತಿ ಏನು ಎಂದು ಕೇಳಿದ. ಅದು ನಿನಗೆ ಯಾಕೆ, ನೀನು ನನ್ನ ಹಿಂದೆ ಬಾ ಎಂದರು. ಪೇತ್ರ ಮತ್ತೆ ಮುಂದಕ್ಕೆ ತಿರುಗಿದ. ಹಿಂದೆ ದಡದ ಮೇಲೆ ಇದ್ದಿಲು ಇನ್ನೂ ಬಿಸಿಯಾಗಿಯೇ ಇತ್ತು.